ಚಪ್ಪಲಿ ಬಿಡುವ ಜಾಗ

ಎಗ್ಮೋರ್ ಸ್ಟೇಷನ್ನಿಗೆ ಹೋಗಿ ಯಾರನ್ನಾದರೂ ಕರೆದುಕೊಂಡು ಬರುವ ಅಭ್ಯಾಸ ನನಗಿಲ್ಲ. ನೆಂಟರು ಬರುತ್ತೇವೆಂದರೆ "ಆಟೋ ಹಿಡಿದು ಬನ್ನಿ, ಕೀಲ್ಪಾಕ್ ಏನು ಕಾಶಿಯಲ್ಲ" ಎಂದು ಫೋನಿನಲ್ಲೇ ಹೇಳಿಬಿಡುವವಳು ನಾನು. ಆದರೆ ಆ ಸಲ ಹೋಗಲೇಬೇಕಾಯಿತು. ನನ್ನ ಗಂಡನ ಊರಿನ ಕಡೆಯಿಂದ, ಕುಂದಾಪುರಕ್ಕಿಂತ ತುಂಬ ಒಳಗೆ ಘಟ್ಟದ ಬುಡದಲ್ಲಿರುವ ಹಳ್ಳಿಯೊಂದರಿಂದ, ಇಬ್ಬರು ಬರುವವರಿದ್ದರು. ಒಬ್ಬರು ಎಪ್ಪತ್ತು ದಾಟಿದ ಅಜ್ಜಯ್ಯ. ಇನ್ನೊಬ್ಬಳು ಅವರ ಸೊಸೆ, ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಇಬ್ಬರಿಗೂ ತಮಿಳು ಬಾರದು, ಇಂಗ್ಲಿಷೂ ಬಾರದು. ಕಾಡು ನದಿಗಳ ತಕರಾರು ಕೇಳುವ ಕೋರ್ಟೊಂದು ನಮ್ಮ ಚೆನ್ನೈನಲ್ಲಿದೆ. ಅಲ್ಲಿ ಅವರ ಕೇಸಿತ್ತು.

ಕೇಸು ಇಷ್ಟೇ. ಆ ಹಳ್ಳಿಯ ಮೇಲ್ಗಡೆ ಒಂದು ದೇವರ ಕಾಡಿದೆ. ಊರಿನವರು ಅದನ್ನು ಬನ ಎನ್ನುತ್ತಾರೆ. ಬನದ ಕೆಳಭಾಗದಲ್ಲಿ ಒಂದು ಏರು. ಆ ಏರಿನ ತುಂಬ ಒರತೆಗಳು. ಬೇಸಿಗೆಯಲ್ಲಿ ಬೇರೆ ಹಳ್ಳಗಳೆಲ್ಲ ಬತ್ತಿದರೂ ಆ ಒರತೆಗಳ ನೀರು ಕೂಡಿಕೊಂಡು ಹೊಳೆಯನ್ನು ಜೀವಂತ ಇಡುತ್ತದೆ. ಅದೇ ಏರಿನಲ್ಲಿ ಮರ ಕಡಿದು, ಬಂಡೆ ಒಡೆದು, ದೊಡ್ಡ ಪೈಪು ಇಳಿಸಿ ಕರೆಂಟು ಮಾಡುತ್ತೇವೆಂದು ಒಂದು ಕಂಪನಿ ಬಂದಿತ್ತು. ಏರು ಬನಕ್ಕೆ ಸೇರಿದ್ದು, ಮುಟ್ಟಬಾರದು ಎಂದು ಊರಿನವರು. ಅದು ಬನವೇ ಅಲ್ಲ, ಸರ್ಕಾರದ ಪಾಳು ಎಂದು ಕಂಪನಿ.

ಊರಿನವರು ಸುಮ್ಮನೆ ಕೋರ್ಟಿಗೆ ಬಂದವರಲ್ಲ. ಮೊದಲು ಜೆಸಿಬಿ ಬಂದಾಗ ಹೆಂಗಸರು ದಾರಿಯಲ್ಲಿ ಒಲೆ ಹೂಡಿ ಅನ್ನ ಬೇಯಿಸಿಕೊಂಡು ಅಲ್ಲೇ ಕೂತರು. ಮನೆಮನೆಗೆ ಸರದಿ ಹಾಕಿಕೊಂಡು ಮಳೆಗಾಲವಿಡೀ ಕಾದರು. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಹಸಿ ಸೊಪ್ಪು ಹಿಡಿದು ಬಡಿದು ಆರಿಸುವುದು, ಬನದೊಳಗೆ ಬಿದ್ದ ಒಣಕಡ್ಡಿಯನ್ನೂ ಮನೆಗೆ ತಾರದಿರುವುದು, ಇವೆಲ್ಲ ಅವರ ಅಜ್ಜಂದಿರ ಕಾಲದಿಂದ ಬಂದದ್ದು. ಅಜ್ಜಯ್ಯನ ಮನೆಯವರು ಬನದ ದೈವಕ್ಕೆ ದೀಪ ಇಡುವವರು. ಹಾಗಾಗಿ ಊರು ಅವರನ್ನೇ ಮುಂದೆ ಮಾಡಿ ಕಳಿಸಿತ್ತು.

ಇದರಲ್ಲಿ ನನಗೇನು ಕೆಲಸ? ನನ್ನ ಮಾವ ಹುಡುಗನಾಗಿದ್ದಾಗ ಆ ಹೊಳೆಯ ಕೆಳಗಿನ ಊರಿಂದ ಮದರಾಸಿಗೆ ಬಂದು, ಲೋಟ ತೊಳೆದು, ಆಮೇಲೆ ಕೀಲ್ಪಾಕಿನಲ್ಲಿ ಸ್ವಂತ ಹೋಟೆಲು ಇಟ್ಟವರು. ನನ್ನ ಗಂಡ ರಜೆಯಲ್ಲಿ ಊರಿಗೆ ಹೋಗಿ ಈಜು ಕಲಿತದ್ದು ಆ ಹೊಳೆಯಲ್ಲೇ. ನಾನೋ ಇದೇ ಊರಲ್ಲಿ ಹುಟ್ಟಿ, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. "ಜನ್ಮವಿಡೀ ಕಂಡವರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟೆಯಲ್ಲ, ನಮ್ಮ ಹೊಳೆಗೂ ಸ್ವಲ್ಪ ಹೇಳಿಕೊಡು" ಎಂದು ಇವರು ಕೆಣಕಿದರು. ಅವರ ಮಾತಿಗೆ ಸಿಟ್ಟು ಬಂದೇ ಒಪ್ಪಿಕೊಂಡೆ.

ಹೋಟೆಲಿನ ಮೇಲೆ ನಮ್ಮ ಮನೆ. ಬಂದ ದಿನ ಅಜ್ಜಯ್ಯ ಕಾಫಿ ಕುಡಿದು ನನ್ನನ್ನು ಒಂದು ಗಳಿಗೆ ನೋಡಿ, "ಅಮ್ಮಾ, ನಿಮ್ ಕನ್ನಡ್ದಲ್ ಅರ್ಧ ತಮಿಳೇ ಇತ್ತಲೆ" ಅಂದರು. ನಾನು ಹೌದೆನ್ನಲು ಹೋಗಿ "ಆಮಾ" ಎಂದುಬಿಟ್ಟೆ. ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ಒಳಗಿದ್ದ ನನ್ನ ಮಗಳು "ಯಾರು ಮ್ಮಾ ಇವಂಗ?" ಎಂದು ಕೇಳಿದಾಗ ಅವರಿಬ್ಬರ ನಗು ಇನ್ನೂ ಜಾಸ್ತಿಯಾಯಿತು. ಆ ಮನೆಯಲ್ಲಿ ಅಷ್ಟು ನಗು ಮತ್ತೆ ಆಗಲಿಲ್ಲ.

ಮೊದಲ ದಿನವೇ ಕೋರ್ಟಿನ ಕಾಂಪೌಂಡಿನ ಗೇಟಿನಲ್ಲಿ ಅಜ್ಜಯ್ಯ ಚಪ್ಪಲಿ ಕಳಚಿದರು. ನಾನು ಬೈದೆ. ಬಿಸಿಲಿಗೆ ಕಾಲು ಸುಡುತ್ತದೆ, ಇದು ದೇವಸ್ಥಾನವಲ್ಲ, ಎಲ್ಲರೂ ಬೂಟು ಹಾಕಿಕೊಂಡೇ ಹೋಗುತ್ತಾರೆ ಎಂದೆ.

"ಇಲ್ಲಿ ನ್ಯಾಯ ಹೇಳ್ತ್ರ್ ಅಲ್ದಾ ಅಮ್ಮಾ? ಮೆಟ್ಟ್ ಹಾಕಂಡ್ ಹೋಪ್ದ್ ಹ್ಯಾಂಗೆ?" ಅಂದರು.

ಸಂಜೆ ಹೊರಗೆ ಬರುವಷ್ಟರಲ್ಲಿ ಚಪ್ಪಲಿ ಮಾಯ. ಯಾರು ಕದ್ದರೋ, ಯಾರು ಗುಡಿಸಿ ಎಸೆದರೋ. ನನಗೆ ಕಳ್ಳನಿಗಿಂತ ಅಜ್ಜಯ್ಯನ ಮೇಲೇ ಕೋಪ ಬಂತು. ಬರಿಗಾಲಲ್ಲಿ ಅವರನ್ನು ಆಟೋ ಹತ್ತಿಸಿ ಪ್ಯಾರೀಸ್ ಕಾರ್ನರಿಗೆ ಕರೆದುಕೊಂಡು ಹೋಗಿ, ಜನಜಂಗುಳಿಯಲ್ಲಿ ನುಗ್ಗಿ, ಒಂದು ಜೊತೆ ಹವಾಯಿ ಚಪ್ಪಲಿ ಕೊಡಿಸಿದೆ. ಅವರ ಅಳತೆಗೆ ಸಿಕ್ಕಿದ್ದು ಒಂದೇ ಜೊತೆ. ಅದಕ್ಕೆ ಹುಡುಗಿಯರು ಹಾಕುವಂಥ ಗುಲಾಬಿ ಪಟ್ಟಿ. "ಊರಲ್ ಇಂತಾದ್ ಯಾರ್ ಹತ್ರವೂ ಇಲ್ಲ, ಇದ್ ಕಳೂದಿಲ್ಲ" ಎಂದು ಅವರು ಸಮಾಧಾನ ಪಟ್ಟುಕೊಂಡರು. ಆಮೇಲಿನ ಪ್ರತಿ ವಿಚಾರಣೆಗೂ ಗೇಟಿನಲ್ಲಿ ಅದನ್ನು ಕಳಚಿ, ಕಾಗದದಲ್ಲಿ ಸುತ್ತಿ, ಕೈಚೀಲದಲ್ಲಿ ಹಾಕಿಕೊಂಡೇ ಒಳಗೆ ಬರುತ್ತಿದ್ದರು. ನಾನು ಬೈಯುವುದನ್ನು ಬಿಟ್ಟೆ.

ನಮ್ಮ ವಕೀಲೆ ಚಿಕ್ಕ ವಯಸ್ಸಿನ ತಮಿಳು ಹುಡುಗಿ. ಚುರುಕು. ಆದರೆ ಅವಳಿಗೆ ಒಂದೇ ತಲೆಬಿಸಿ: ಬನದ ಗಡಿ ಯಾವುದು? ನಕ್ಷೆ ಎಲ್ಲಿ? ಯಾರಾದರೂ ಯಾವಾಗಲಾದರೂ ಅಳತೆ ಮಾಡಿದ್ದಾರೆಯೇ? ನಾನು ಕನ್ನಡಕ್ಕೆ ತಿರುಗಿಸಿ ಕೇಳಿದೆ. ಅಜ್ಜಯ್ಯ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ.

"ಅಳತಿ ಮಾಡುಕಾಗ ಅಮ್ಮಾ. ಮಾರುವವ್ರ್ ಅಳೀತ್ರ್, ಪಾಲ್ ಮಾಡುವವ್ರ್ ಅಳೀತ್ರ್. ನಾವ್ ಬನನ್ ಮಾರುದಿಲ್ಲ, ಪಾಲ್ ಮಾಡುದಿಲ್ಲ. ಮತ್ತ್ ಅಳತಿ ಎಂತಕ್ಕೆ?"

ಹಿಂದೊಮ್ಮೆ ಸರಪಳಿ ಹಿಡಿದು ಬಂದ ಸರ್ವೆಯವರನ್ನು ಇವರ ಅಪ್ಪ ಎಳನೀರು ಕೊಟ್ಟು, ಕೈಮುಗಿದು, ವಾಪಸು ಕಳಿಸಿದ್ದರಂತೆ. ಹೊಳೆಗೆ ಸುರಿದರೂ ಅಳೆದು ಸುರಿ ಎಂದು ನನ್ನಮ್ಮ ಅಡುಗೆಮನೆಯಲ್ಲಿ ದಿನಕ್ಕೊಂದು ಸಲ ಹೇಳುತ್ತಿದ್ದಳು. ಇಲ್ಲಿ ಹೊಳೆಯನ್ನೇ ಕಾಯುವವರು ಅಳೆಯುವುದೇ ಇಲ್ಲ ಎನ್ನುತ್ತಿದ್ದಾರೆ. ನನಗೆ ಮೈ ಉರಿಯಿತು. "ಹಾಗಾದರೆ ಬನ ಇಲ್ಲಿಂದ ಶುರುವಾಯಿತು ಅಂತ ನಿಮಗಾದರೂ ಹೇಗೆ ಗೊತ್ತಾಗುತ್ತದೆ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಗೊತ್ತಾಗ್ದೆ ಎಂತ? ಧೂಪದ ಮರದ ಬುಡ್ದಲ್ ಎಲ್ರೂ ಮೆಟ್ಟ್ ಬಿಡ್ತ್ರ್. ಅಲ್ಲಿಂದ ಮೇಲೆ ಬನ. ಸಣ್ ಮಕ್ಳಿಗೂ ಗೊತ್ತಿತ್ತ್."

ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ವಕೀಲೆಯ ಮುಖ ಅರಳಿತು. "ಸೂಪರ್ ಮ್ಮಾ, ಇದು ಪೋದುಂ" ಎಂದು, ಇಷ್ಟೇ ಸಾಕೆಂಬಂತೆ, ಮೇಜು ತಟ್ಟಿದಳು. ಧೂಪದ ಮರ ಏರಿನ ಬುಡದಲ್ಲಿದೆ. ಏರು ಹತ್ತಿ ಮುಗಿದ ಮೇಲೆ ಒಂದು ತೊರೆ, ತೊರೆ ದಾಟಿದರೆ ಬನದ ದಟ್ಟ ಭಾಗ. ಮರದ ಬುಡದಲ್ಲಿ ಚಪ್ಪಲಿ ಬಿಡುವುದು ರೂಢಿಯೆಂದಾದರೆ ಏರು ಪೂರ್ತಿ ಬನಕ್ಕೇ ಸೇರಿತು. ಜನರ ರೂಢಿಯೇ ಗಡಿ ಎಂದು ಅವಳು ವಾದ ಕಟ್ಟಿದಳು. ಕೋರ್ಟು ಆ ವಾದವನ್ನು ತೆಗೆದುಹಾಕಲಿಲ್ಲ. ಕೆಲವು ಅಧಿಕಾರಿಗಳು ಸ್ಥಳಕ್ಕೆ ಹೋಗಿ, ಊರಿನವರ ಎದುರೇ ರೂಢಿಯನ್ನು ನೋಡಿ, ವರದಿ ಕೊಡಲಿ ಎಂದಿತು. ಆ ದಿನ ನಮಗೆ ಗೆದ್ದಷ್ಟೇ ಖುಷಿ. ಅಜ್ಜಯ್ಯನಿಗೂ ಸೊಸೆಗೂ ಹೋಟೆಲಿನಲ್ಲಿ ಮೈಸೂರುಪಾಕು ಕೊಡಿಸಿದೆ. ನಾನೂ ತಿಂದೆ, ಸಕ್ಕರೆ ಕಾಯಿಲೆ ಇದ್ದರೂ.

ತಪಾಸಣೆ ನಡೆದದ್ದು ಮಳೆಗಾಲದಲ್ಲಿ. ನಾನು ಹೋಗಿರಲಿಲ್ಲ. ಅದೇ ಸಂಜೆ ಸೊಸೆ ಫೋನು ಮಾಡಿದಳು.

"ಅಕ್ಕ, ಎಲ್ಲ ಚಂದ ಆಯ್ತ್. ಸಾಯ್ಬ್ರೆಲ್ಲ ನಮ್ಮನೆಲೇ ಊಟ ಮಾಡಿ ಹೋದ್ರ್. ಪತ್ರೊಡೆ ಎರಡೆರಡ್ ಸಲ ಹಾಕ್ಸ್ಕಂಡ್ರ್."

ಹಿಂದಿನ ದಿನದಿಂದ ಊರಿನ ಹೆಂಗಸರೆಲ್ಲ ಅವರ ಮನೆಯಲ್ಲಿ ಸೇರಿ ಕೆಸುವಿನ ಎಲೆ ಹೊಂದಿಸಿ, ಅಕ್ಕಿ ಅರೆದು, ಪತ್ರೊಡೆ ಮಾಡಿದ್ದರಂತೆ. ಹಾಗಾಗಿ ಬನಕ್ಕೆ ಹೋದದ್ದು ಗಂಡಸರು ಮಾತ್ರ. ಇವಳು ಒಲೆಯ ಮುಂದೆ. ಅಧಿಕಾರಿಗಳಿಗೆ ಬೇಜಾರಾಗದಂತೆ ನೋಡಿಕೊಳ್ಳಿ ಎಂದು ವಕೀಲೆಯೂ ಹೇಳಿದ್ದಳು. ಅದನ್ನು ಹೇಳಿಕೊಡುವ ಅಗತ್ಯವೇನೂ ಆ ಊರಿಗೆ ಇರಲಿಲ್ಲ. ಶತ್ರು ಬಂದರೂ ಬೆಲ್ಲ ನೀರು ಕೊಟ್ಟೇ ಜಗಳ ಶುರು ಮಾಡುವ ಜನ ಅವರು.

"ಧೂಪದ ಮರ ತೋರಿಸಿದರಲ್ಲ?" ಎಂದು ಕೇಳಿದೆ.

"ಹ್ಞಾ, ಎಲ್ಲ ತೋರ್ಸಿಯಾಯ್ತ್ ಅಂಬ್ರು ಮಾವ. ಮಾತ್ರ ಒಂದ್ ಸಣ್ ತಪ್ಪಾಯ್ತಂಬ್ರು. ಅದ್ಕೆ ನಾಳೆ ಬನ್ದಲ್ ತಪ್ಪುಕಾಣಿಕೆ ಇಡ್ತ್ರಂಬ್ರು."

ಏನು ತಪ್ಪು ಎಂದೆ. ಅವಳು ಹೇಳಿದಳು. ಮರದ ಬುಡದಲ್ಲಿ ಎಲ್ಲರೂ ನಿಂತರಂತೆ. ಮಳೆ ಹಿಡಿದಿತ್ತು. ಏರಿನ ತರಗೆಲೆಯ ಮೇಲೆ ಉಂಬಳಗಳು, ಕಾಡಿನ ನೆಲದ ಜಿಗಣೆಗಳು, ತಲೆಯೆತ್ತಿ ಕಾಯುತ್ತಿದ್ದವು. ಅಧಿಕಾರಿಗಳು ಬೂಟಿನ ದಾರಕ್ಕೆ ಕೈಹಾಕಿ, ಆ ಉಂಬಳಗಳನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅಜ್ಜಯ್ಯನಿಗೆ ಸಂಕಟವಾಯಿತು. ಮನೆಗೆ ಬಂದವರು, ಊಟಕ್ಕೆ ಕೂರುವವರು, ಕಾಲಲ್ಲಿ ರಕ್ತ ಸುರಿಸಿಕೊಂಡು ಬರುವುದೇ? "ಬ್ಯಾಡ ಸ್ವಾಮಿ, ಬೂಟ್ಸ್ ಹಾಕಂಡೇ ಬನ್ನಿ. ಮೇಲೆ ತೊರಿ ಹತ್ರ ಬಿಟ್ರೆ ಸಾಕ್" ಎಂದರಂತೆ. ಅಷ್ಟಕ್ಕೇ ನಿಲ್ಲಲಿಲ್ಲ. ತಾವು ಬರಿಗಾಲು, ಅವರು ಬೂಟುಗಾಲು ಎಂದಾದರೆ ಅವರಿಗೆ ಮುಜುಗರವಾಗುತ್ತದೆ. ಬಂದವರನ್ನು ಹಾಗೆ ಸಣ್ಣವರನ್ನಾಗಿ ಮಾಡಬಾರದು. ಅದಕ್ಕೇ ಊರಿನ ಗಂಡಸರೂ ತಮ್ಮ ತಮ್ಮ ಚಪ್ಪಲಿ ಹಾಕಿಕೊಂಡೇ ಏರು ಹತ್ತಿ, ತೊರೆಯ ಹತ್ತಿರ ಸಾಲಾಗಿ ಬಿಟ್ಟರಂತೆ. ಜನ್ಮದಲ್ಲಿ ಮೊದಲ ಸಲ.

ಅಲ್ಲಿ ಬಿಟ್ಟದ್ದನ್ನು ಅಧಿಕಾರಿಗಳು ನೋಡಿದರಾ ಎಂದು ಕೇಳಹೊರಟೆ. ಆದರೆ ಫೋನಿನ ಆ ಕಡೆ ಅವಳ ದನಿಯಲ್ಲಿ ಪಾತ್ರೆ ತೊಳೆದು ಮುಗಿಸಿದವರ ನೆಮ್ಮದಿಯಿತ್ತು. ಅಧಿಕಾರಿಗಳಿಗೆ ಬಾಯಲ್ಲಿ ಹೇಳಿದ್ದಾರಲ್ಲ, ಮರವೇ ಗಡಿ ಅಂತ, ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಅಜ್ಜಯ್ಯ ಸ್ನಾನ ಮಾಡಿ, ಬರಿಗಾಲಲ್ಲಿ ಏರು ಹತ್ತಿ, ದೈವದ ಮುಂದೆ ತಪ್ಪುಕಾಣಿಕೆ ಇಟ್ಟು ಬಂದರು. ದೈವದ ಲೆಕ್ಕ ಅಲ್ಲಿಗೆ ಚುಕ್ತವಾಯಿತು. ವರದಿಗೆ ತಪ್ಪುಕಾಣಿಕೆ ಇಡುವ ಕ್ರಮ ಇಲ್ಲ.

ವರದಿ ಬಂದಾಗ ನಾನು ವಕೀಲೆಯ ಆಫೀಸಿನಲ್ಲಿದ್ದೆ. ಅವಳು ಓದುತ್ತ ಓದುತ್ತ ಫ್ಯಾನಿನ ಸ್ವಿಚ್ಚು ಆರಿಸಿದಳು, ಯಾಕೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಗ್ರಾಮಸ್ಥರು ಬಾಯಿಮಾತಿನಲ್ಲಿ ಒಂದು ಮರವನ್ನು ತೋರಿಸಿದರು. ಆದರೆ ಪಾದರಕ್ಷೆ ಬಿಡುವ ರೂಢಿ ಪ್ರತ್ಯಕ್ಷ ಕಂಡುಬಂದದ್ದು ತೊರೆಯ ದಡದಲ್ಲಿ. ಜೊತೆಗೊಂದು ಫೋಟೋ. ಒದ್ದೆ ಬಂಡೆಯ ಮೇಲೆ ಸಾಲಾಗಿ ಚಪ್ಪಲಿಗಳು, ಅವುಗಳ ನಡುವೆ ಗುಲಾಬಿ ಪಟ್ಟಿಯದೊಂದು ಜೊತೆ.

ಪ್ಯಾರೀಸ್ ಕಾರ್ನರಿನ ಆ ಅಂಗಡಿಯವನು ನಾಲ್ಕು ಜೊತೆ ತೆಗೆದು ತೋರಿಸಿ, ಕೊನೆಗೆ ಇದೊಂದೇ ಆಗುವುದು ಎಂದದ್ದು ನೆನಪಾಯಿತು. ಅವತ್ತು ಬೇರೆ ಬಣ್ಣ ಸಿಕ್ಕಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆದರೂ ನಾನು ಆ ಫೋಟೋವನ್ನು ಮಗುಚಿ ಇಟ್ಟೆ.

ಮುಂದಿನ ವಿಚಾರಣೆಗೆ ಮಾವ ಸೊಸೆ ಇಬ್ಬರೂ ಬಂದರು. ಸೊಸೆ ರೈಲಿನಲ್ಲಿ ಏನೂ ತಿಂದಿರಲಿಲ್ಲ. ನಿಜವಾದ ಜಾಗ ಮರದ ಬುಡವೇ, ಅಂದು ಅತಿಥಿಗಳಿಗಾಗಿ ಹಾಗೆ ಮಾಡಿದ್ದು ಎಂದು ನಮ್ಮ ವಕೀಲೆ ಎಷ್ಟು ಚೆನ್ನಾಗಿ ಹೇಳಬಹುದೋ ಅಷ್ಟು ಚೆನ್ನಾಗಿ ಹೇಳಿದಳು. ಕಂಪನಿಯ ವಕೀಲರು ಎದ್ದು, ವರದಿ ಊರಿನವರಿಗೆ ವಿರುದ್ಧ ಬಂದ ಮೇಲೆ ಇವರ ರೂಢಿ ಗುಡ್ಡ ಇಳಿಯುತ್ತಿದೆ ಎಂದರು. ನಾಲ್ಕು ಜನ ನಕ್ಕರು. ನಾನು ಅವರ ಕಡೆ ನೋಡಿದ ರೀತಿಗೆ ಅವರು ಶಾಲೆಯ ಮಕ್ಕಳಾಗಿದ್ದರೆ ಬೆಂಚಿನ ಮೇಲೆ ನಿಲ್ಲುತ್ತಿದ್ದರು.

ಪೀಠದಲ್ಲಿದ್ದವರು ಅಜ್ಜಯ್ಯನನ್ನು ಮುಂದೆ ಕರೆದರು. ನನಗೂ ಬರಲು ಹೇಳಿದರು. ಫೋಟೋ ತೋರಿಸಿ, ಇದರಲ್ಲಿ ನಿಮ್ಮ ಚಪ್ಪಲಿ ಇದೆಯೇ ಎಂದು ಸಮಾಧಾನದಿಂದಲೇ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಹೇಳುವಾಗ ಅವರ ಕಣ್ಣು ತಪ್ಪಿಸಿದೆ. ಒಂದು ಸುಳ್ಳು ಹೇಳಿ ಅಜ್ಜಯ್ಯ, ಮಸುಕಾಗಿ ಕಾಣುತ್ತದೆ ಅನ್ನಿ, ಕಣ್ಣು ಕಾಣುವುದಿಲ್ಲ ಅನ್ನಿ ಎಂದು ಒಳಗೊಳಗೇ ಬೇಡಿಕೊಂಡೆ.

"ಹೌದ್. ಆ ಗುಲಾಬಿದ್ ನಂದೇ. ಈ ಅಮ್ಮ ಕೊಡ್ಸಿದ್" ಅಂದರು.

ಹೌದು, ಅವರದೇ, ಎಂದು ನಾನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಅಲ್ಲಿ ನೀವೇ ಬಿಟ್ಟದ್ದೇ? ಹೌದು, ನಾನೇ ಬಿಟ್ಟದ್ದು. ಯಾಕೆ?

ಅಜ್ಜಯ್ಯ ಕೈಚೀಲವನ್ನು ಕಂಕುಳಿಗೆ ಸರಿಸಿಕೊಂಡರು. ಆಮೇಲೆ, "ಬಂದವ್ರ್ ಮನ್ಸಿಗೆ ಬೇಜಾರ್ ಆಪ್ಕಾಗ ಅಂದೇಳಿ" ಎಂದರು. ಅಷ್ಟೇ ಮಾತು. ನಾನು ಅದಕ್ಕೆ ಉಂಬಳ, ಮಳೆ, ಬೂಟು, ಊಟ, ತಪ್ಪುಕಾಣಿಕೆ ಎಲ್ಲ ಸೇರಿಸಿ ಹೇಳತೊಡಗಿದೆ. ದನಿ ಏರಿತು. ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ವಕೀಲೆ ಹಿಂದಿನಿಂದ ನನ್ನ ಸೆರಗು ಎಳೆದಾಗ. ಪೀಠದವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಇದೆಲ್ಲ ವರದಿಯಲ್ಲಿ ಇಲ್ಲವಲ್ಲ ಎಂದರು. ಆ ಮಾತಿನಲ್ಲೂ ಸುಳ್ಳಿರಲಿಲ್ಲ.

ತೀರ್ಪು ಬಂದದ್ದು ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ. ತೊರೆಯಾಚೆಯ ಬನವನ್ನು ಯಾರೂ ಮುಟ್ಟಕೂಡದು. ತೊರೆಯ ಈಚೆ, ಧೂಪದ ಮರದವರೆಗಿನ ಏರಿನಲ್ಲಿ, ಷರತ್ತುಗಳಿಗೆ ಒಳಪಟ್ಟು ಕಾಮಗಾರಿ ಮಾಡಬಹುದು. ಕಡಿದದ್ದಕ್ಕೆ ಬದಲಾಗಿ ಬೇರೆ ಕಡೆ ಸಸಿ ನೆಡಬೇಕು. ಮರುದಿನ ಪೇಪರಿನಲ್ಲಿ ದೇವರ ಕಾಡು ಉಳಿಯಿತು ಎಂದು ಬಂತು. ನನ್ನ ಗಂಡನಿಗೆ ಯಾರೋ ಫೋನು ಮಾಡಿ ಅಭಿನಂದನೆ ಬೇರೆ ಹೇಳಿದರು. ಇವರು ಫೋನು ಕೆಳಗಿಟ್ಟು, ಅಡುಗೆಯವರ ಮೇಲೆ ಕಾರಣವಿಲ್ಲದೆ ರೇಗಿದರು.

ತೀರ್ಪಿನ ದಿನ ಕೋರ್ಟಿನಿಂದ ಹೊರಗೆ ಬಂದಾಗ ಅಜ್ಜಯ್ಯ ಗೇಟು ದಾಟಿಯೂ ಚೀಲದಿಂದ ಚಪ್ಪಲಿ ಹೊರಗೆ ತೆಗೆಯಲಿಲ್ಲ. "ಹಾಕ್ಕೊಳ್ಳಿ ಅಜ್ಜಯ್ಯ, ಟಾರು ಕುದಿಯುತ್ತಿದೆ" ಎಂದೆ. ಅವರು ತಲೆಯಾಡಿಸಿ ನಡೆದರು. ಮನೆಗೆ ಬಂದವರೇ ಕೈಚೀಲದಿಂದ ಆ ಕಾಗದದ ಪೊಟ್ಟಣ ತೆಗೆದು ನಮ್ಮ ಮೆಟ್ಟಿಲಿನ ಬುಡದಲ್ಲಿ ಇಟ್ಟರು. ಪಾದ ಕೆಂಪಾಗಿ ಊದಿತ್ತು. ಸೊಸೆ ಬಕೆಟ್ಟಿನಲ್ಲಿ ನೀರು ತಂದು ಅವರ ಕಾಲ ಮೇಲೆ ಸುರಿದಳು.

"ಇದ್ ಇಲ್ಲೇ ಇರ್ಲಿ ಅಮ್ಮಾ. ಇನ್ನ್ ನಂಗ್ ಬ್ಯಾಡ."

"ಯಾಕೆ ಅಜ್ಜಯ್ಯ? ಚಪ್ಪಲಿ ಏನು ಮಾಡಿತು?" ಎಂದೆ. ನನ್ನ ಸಿಟ್ಟಿಗೆ ಯಾರ ಮೇಲೆ ಹೋಗಬೇಕೆಂದೇ ತಿಳಿದಿರಲಿಲ್ಲ.

"ಮೆಟ್ಟ್ ಎಂತ ಮಾಡಲಿಲ್ಲ. ನಾ ಎಲ್ಲೂ ಮೆಟ್ಟ್ ಹಾಕ್ದಿದ್ರೆ, ಬನ ಇಲ್ಲಿಂದ ಶುರು ಅಂದ್ ಇನ್ನ್ ಯಾರ್ ಬರೀತ್ರ್?"

ಎಗ್ಮೋರಿಗೆ ನಾನೇ ಹೋಗಿ ರೈಲು ಹತ್ತಿಸಿದೆ. ಪ್ಲಾಟ್‌ಫಾರ್ಮಿನ ಕೊಳೆಯ ಮೇಲೆ ಆ ಊದಿದ ಬರಿಗಾಲು ನೋಡಲಾರದೆ ಟೀ ತರುವ ನೆಪದಲ್ಲಿ ಅತ್ತ ಹೋದೆ.

ಮಳೆಗಾಲ ಕಳೆದು ಧೂಪದ ಮರ ಬಿತ್ತು. ಏರಿನ ಮರಗಳು ಒಂದೊಂದಾಗಿ ಬಿದ್ದವು. ಊರಿನ ಹೆಂಗಸರು ಮತ್ತೆ ಒಲೆ ಹೂಡಿ ಕೂರಲು ನೋಡಿದರಂತೆ. ಈ ಸಲ ಆರ್ಡರು ಕೈಯಲ್ಲಿದ್ದ ಪೊಲೀಸರು ವ್ಯಾನು ತಂದು ಸ್ಟೇಷನ್ನಿಗೆ ಕರೆದೊಯ್ದು ಸಂಜೆ ಬಿಟ್ಟರಂತೆ. ಅಜ್ಜಯ್ಯ ರೇಷನ್ ಅಂಗಡಿಗೂ ಮದುವೆಮನೆಗೂ ಬರಿಗಾಲಲ್ಲೇ ಹೋಗುತ್ತಾರೆ. ಊರಿನಲ್ಲಿ ಹಲವರು ಅವರನ್ನು ನೋಡಿ ಚಪ್ಪಲಿ ಬಿಟ್ಟಿದ್ದಾರೆ. ಅದರಿಂದ ಪೈಪೇನೂ ನಿಲ್ಲಲಿಲ್ಲ.

ಇಲ್ಲಿ ಗುಲಾಬಿ ಪಟ್ಟಿಯ ಚಪ್ಪಲಿ ಇನ್ನೂ ಮೆಟ್ಟಿಲಿನ ಕೆಳಗಿದೆ. ಕೆಲಸದವಳು ಎಸೆಯಲೇ ಎಂದು ಕೇಳಿದಾಗಲೆಲ್ಲ ಅವಳ ಮೇಲೆ ಹಾರಾಡುತ್ತೇನೆ.

ಈ ಬೇಸಿಗೆಯಲ್ಲಿ ಹೊಳೆ ಮೊದಲ ಸಲ ನಿಂತುಹೋಯಿತು. ಅಲ್ಲಲ್ಲಿ ಗುಂಡಿಯಲ್ಲಿ ನೀರು, ಮೇಲೆ ಹೊಟ್ಟೆ ಮೇಲಾದ ಮೀನು. ಆಮೇಲೆ ಮಳೆ ಬಂತೆಂದು ಕೇಳಿ, ಸ್ವಲ್ಪ ಆಸೆಯಿಂದಲೇ ಸೊಸೆಗೆ ಫೋನು ಮಾಡಿದೆ. ಒರತೆ ಮತ್ತೆ ಎದ್ದಿದೆಯೇ ಎಂದು ಕೇಳಿದೆ. ಎದ್ದಿಲ್ಲ ಎಂದಳು. ಮಾವ ದಿನಾ ಬೆಳಿಗ್ಗೆ ಏರು ಹತ್ತಿ ನೋಡಿ ಬರುತ್ತಾರಂತೆ.

"ಈ ಮಳೆಯಲ್ಲಿ ಬರಿಗಾಲಲ್ಲಿ ಹತ್ತುತ್ತಾರಾ? ಉಂಬಳ ಹಿಡಿಯುವುದಿಲ್ಲವಾ?" ಎಂದೆ.

ಅವಳು ಮೆಲ್ಲಗೆ ಹೇಳಿದಳು.

"ಇಲ್ಲ ಅಕ್ಕ. ಆ ಏರಲ್ ಈಗ ನೆರಳೂ ಇಲ್ಲ, ತರಗೆಲೆಯೂ ಇಲ್ಲ. ಉಂಬಳ ಒಂದೂ ಇಲ್ಲ. ಈಗ ಯಾವ ಸಾಯ್ಬ್ರ್ ಬೇಕಾರೂ ಬರಿಗಾಲಲ್ ಹೋಯ್ಲಕ್ಕ್."